ಭಾಭಾ ಸಾವು: ಸಂಚಿನ ಕತೆಗೆ ಮೊದಲು ತನಿಖಾ ವರದಿ

ಮಾನ್ಯ ಸಂಪಾದಕರೇ,

ಅಣುವಿಜ್ಞಾನಿ ಹೋಮಿ ಭಾಭಾ ಅವರ ಸಾವಿನ ಮಾತು ಬಂದಾಗಲೆಲ್ಲ ಅವರಿದ್ದ ವಿಮಾನದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬಾಂಬು ಇಟ್ಟಿತ್ತು ಎಂದೇ ಚರ್ಚೆ ಶುರುವಾಗುತ್ತದೆ. ಫ್ರಾನ್ಸಿನ ತನಿಖಾ ಆಯೋಗ 1967ರಲ್ಲಿ ಕೊಟ್ಟ ತೀರ್ಮಾನವನ್ನು ಎತ್ತುವವರು ಅಪರೂಪ.

1966ರ ಜನವರಿ 24ರಂದು ಏರ್ ಇಂಡಿಯಾದ ಬೋಯಿಂಗ್ 707 'ಕಾಂಚನಜುಂಗಾ' ಭಾಭಾ ಸೇರಿ 117 ಮಂದಿಯೊಂದಿಗೆ ಬೈರೂತ್‌ನಿಂದ ಜಿನೀವಾಕ್ಕೆ ಬರುತ್ತಿತ್ತು. ನೆಲದ ರೇಡಿಯೊ ಕೇಂದ್ರಗಳ ಸಂಕೇತದಿಂದ ದಾರಿ ತಿಳಿಯುವ ವ್ಯವಸ್ಥೆಯಾದ ವಿಒಆರ್‌ನ ಎರಡು ರಿಸೀವರ್‌ಗಳಲ್ಲಿ ಒಂದು ಕೆಟ್ಟಿದೆ ಎಂಬುದು ಬೈರೂತ್ ಬಿಡುವಾಗಲೇ ಕ್ಯಾಪ್ಟನ್‌ಗೆ ಗೊತ್ತಿತ್ತು. ಇದು ಸಣ್ಣ ಕೊರತೆಯಲ್ಲ. ಒಂದು ವಿಒಆರ್ ಕೇಂದ್ರ ತಿಳಿಸುವುದು ತನ್ನಿಂದ ಹೊರಟ ಯಾವ ಗೆರೆಯ ಮೇಲೆ ವಿಮಾನವಿದೆ ಎಂಬುದನ್ನಷ್ಟೇ. ಇನ್ನೊಂದು ಕೇಂದ್ರದ ಗೆರೆ ಅದನ್ನು ಕತ್ತರಿಸಿದಾಗಲೇ ವಿಮಾನ ಇರುವ ಜಾಗ ಸಿಗುವುದು. ರಿಸೀವರ್ ಒಂದೇ ಆದರೆ ಫ್ರೀಕ್ವೆನ್ಸಿ ಬದಲಿಸಿ, ಸೂಜಿ ನಿಲ್ಲುವವರೆಗೆ ಕಾದು, ಓದಿಕೊಂಡು, ಮತ್ತೆ ಮೊದಲಿನದಕ್ಕೆ ಮರಳಬೇಕು. ನಿಮಿಷಕ್ಕೆ ಐದು ಮೈಲಿ ಓಡುವ ಜೆಟ್ ಅಷ್ಟರಲ್ಲಿ ಎಲ್ಲಿರುತ್ತದೋ!

ಜಿನೀವಾ ಕಂಟ್ರೋಲರ್ ಕೊಟ್ಟ ಎತ್ತರ ಫ್ಲೈಟ್ ಲೆವೆಲ್ 190, ಅಂದರೆ ಸುಮಾರು 19,000 ಅಡಿ. ದಾರಿಯಲ್ಲಿದ್ದ ಆಲ್ಪ್ಸ್ ಶಿಖರ ಮಾಂಟ್ ಬ್ಲಾಂಕ್ ಸುಮಾರು 15,800 ಅಡಿ. ಆ ಲೆವೆಲ್ ಬಿಡದಿದ್ದರೆ ಅಪಾಯವಿರಲಿಲ್ಲ. ಮೋಡದಿಂದ ಹೊರಗಿದ್ದು, ಮೋಡದ ನೆತ್ತಿಗಿಂತ ಸಾವಿರ ಅಡಿ ಮೇಲೆಯೇ ಇರುವುದಾದರೆ ಇಳಿಯಬಹುದು ಎಂದೂ ಅನುಮತಿ ಇತ್ತು. ಮಾಂಟ್ ಬ್ಲಾಂಕ್ ಪಕ್ಕದಲ್ಲೇ ಹಾದುಹೋಗುತ್ತಿದ್ದೇವೆ ಎಂದು ಕ್ಯಾಪ್ಟನ್ ಹೇಳಿದರು. ರಾಡಾರ್ ನೋಡುತ್ತಿದ್ದ ಕಂಟ್ರೋಲರ್‌ಗೆ ತಪ್ಪು ಕಂಡಿತು. ಮಾಂಟ್ ಬ್ಲಾಂಕ್‌ಗೆ ನಿಮಗೆ ಐದು ಮೈಲಿ ಇದೆ ಎಂದರು. ಬಂದ ಉತ್ತರ 'ರೋಜರ್'.

ರೇಡಿಯೊ ಭಾಷೆಯಲ್ಲಿ ರೋಜರ್ ಎಂದರೆ ನಿಮ್ಮ ಮಾತು ಕೇಳಿಸಿತು ಎಂದಷ್ಟೇ, ಅರ್ಥವಾಯಿತು ಎಂದಲ್ಲ. ಬೆಟ್ಟ ಇನ್ನೂ ಮುಂದಿದೆ, ಲೆವೆಲ್ ಬಿಡಬೇಡಿ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಬೆಟ್ಟದ ಏಣು ದಾಟಿಯಾಯಿತು ಎಂದುಕೊಂಡೇ ಕ್ಯಾಪ್ಟನ್ ಇಳಿಯುತ್ತ ಹೋದರು. ವಿಮಾನ ಸುಮಾರು 4,750 ಮೀಟರ್ ಎತ್ತರದಲ್ಲಿ ಅಪ್ಪಳಿಸಿತು. ಶಿಖರ ಇನ್ನು ಅರವತ್ತು ಮೀಟರಿನಷ್ಟು ಮೇಲಿತ್ತು. ಸ್ಥಾನ ಲೆಕ್ಕ ಹಾಕಿದ್ದು ತಪ್ಪಿತು, ಅದನ್ನು ತಿದ್ದಲು ಆಡಿದ ಮಾತು ಸಾಕಷ್ಟು ನಿಖರವಾಗಿರಲಿಲ್ಲ: ಆಯೋಗ ಹೇಳಿದ್ದು ಇವೆರಡನ್ನೂ.

ಏರ್ ಇಂಡಿಯಾದ್ದೇ 'ಮಲಬಾರ್ ಪ್ರಿನ್ಸೆಸ್' 1950ರ ನವೆಂಬರ್ 3ರಂದು 48 ಮಂದಿಯೊಂದಿಗೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬಡಿದಿತ್ತು. ಆಗ ಯಾವ ಅಣುವಿಜ್ಞಾನಿಯೂ ಅದರಲ್ಲಿರಲಿಲ್ಲ ಎಂಬುದನ್ನು ಸಂಚಿನ ವಾದಿಗಳು ಗಮನಿಸಲಿ.

ನೆಲ ಸಮೀಪಿಸಿದರೆ ಕೂಗಿ ಎಚ್ಚರಿಸುವ ಜಿಪಿಡಬ್ಲ್ಯುಎಸ್ ಅಮೆರಿಕದಲ್ಲಿ ಕಡ್ಡಾಯವಾದದ್ದು ಎಪ್ಪತ್ತರ ದಶಕದಲ್ಲಿ. ಅದೂ ನೇರ ಕೆಳಗಷ್ಟೇ ನೋಡುತ್ತಿತ್ತು. ಎದುರಿಗೆ ಕಡಿದಾದ ಬೆಟ್ಟ ಎದ್ದರೆ ಎಚ್ಚರಿಕೆ ತಡವಾಗುತ್ತಿತ್ತು. ಭೂನಕ್ಷೆಯನ್ನೇ ಒಳಗಿಟ್ಟುಕೊಂಡು ಮುಂದಿನದನ್ನು ಅಂದಾಜಿಸುವ ಸಾಧನ ಬಂದದ್ದು ತೊಂಬತ್ತರ ದಶಕದಲ್ಲಿ.

ಇಂದು ಎತ್ತರ, ದಿಕ್ಕು, ವೇಗದ ಸೂಚನೆಗಳನ್ನು ಪೈಲಟ್ ತಿರುಗಿ ಓದಿ ಹೇಳಲೇಬೇಕು, ಬರೀ ರೋಜರ್ ನಡೆಯದು. ಆದರೆ ಐದು ಮೈಲಿಯ ಆ ಮಾತು ಸೂಚನೆಯಲ್ಲ, ಬರೀ ಮಾಹಿತಿ. ಅಂಥದ್ದನ್ನು ತಿರುಗಿ ಹೇಳಬೇಕೆಂಬ ಕಡ್ಡಾಯ ಈಗಲೂ ಇಲ್ಲ.

– ನಿವೃತ್ತ ವಿಮಾನ ಸಂಚಾರ ನಿಯಂತ್ರಕ