ಬ್ಯಾಟರಿ ಟೆಂಡರಿನಲ್ಲಿ ಒಂದು ಸಾಲು ಸೇರಿಸಿ: ಇಂಧನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರ.

ನಾನು ಪಾವಗಡ ಸೀಮೆಯವನು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿ ನಿವೃತ್ತನಾಗಿದ್ದೇನೆ. ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದೆ, ತ್ರೀ ಫೇಸ್ ಬರುತ್ತಿಲ್ಲ ಎನ್ನುವವರು ನಿಮಗೆ ದಿನಾ ಸಿಗುತ್ತಾರೆ. ನನ್ನ ಕೋರಿಕೆ ಒಂದೇ ಸಾಲಿನದು: ಇನ್ನು ಮುಂದೆ ರಾಜ್ಯ ಕರೆಯುವ ಬ್ಯಾಟರಿ ಟೆಂಡರುಗಳಲ್ಲಿ ‘ಗ್ರಿಡ್ ಫಾರ್ಮಿಂಗ್’ ಇನ್ವರ್ಟರ್ ಕಡ್ಡಾಯ ಎಂದು ಬರೆಸಿ. ಬ್ಯಾಟರಿ, ಸೋಲಾರ್‌ಗಳ ಕರೆಂಟನ್ನು ಗ್ರಿಡ್ಡಿಗೆ ಹೊಂದುವಂತೆ ಬದಲಿಸಿ ಕೊಡುವ ಯಂತ್ರವೇ ಇನ್ವರ್ಟರ್; ‘ಗ್ರಿಡ್ ಫಾರ್ಮಿಂಗ್’ ಯಾಕೆ ಬೇಕೆಂದು ಮುಂದೆ ಹೇಳುತ್ತೇನೆ.

ನಾನು ಹುಡುಗನಾಗಿದ್ದಾಗ ನಮ್ಮೂರ ಹಿಟ್ಟಿನ ಮಿಲ್ಲು ಡೀಸೆಲ್ ಎಂಜಿನ್ನಿನಲ್ಲಿ ಓಡುತ್ತಿತ್ತು. ಎಂಜಿನ್ನಿನ ಪಕ್ಕ ನನ್ನ ಎದೆಮಟ್ಟದ ಎರಕದ ಚಕ್ರ. ಯಾರಾದರೂ ಅವಸರಕ್ಕೆ ರಾಗಿಯನ್ನು ಒಮ್ಮೆಲೇ ಸುರಿದರೆ ಎಂಜಿನ್ ಒಂದು ಏಟು ತಪ್ಪುತ್ತಿತ್ತು, ಬೆಲ್ಟು ಕಿರುಗುಟ್ಟುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಚಕ್ರದ ತೂಕವೇ ಆ ಗಳಿಗೆ ದಾಟಿಸುತ್ತಿತ್ತು. ಶರಾವತಿಯ ಹತ್ತು ಯಂತ್ರಗಳು, ರಾಯಚೂರು, ಬಳ್ಳಾರಿಯ ಟರ್ಬೈನುಗಳು ಗ್ರಿಡ್ಡಿಗೆ ಮಾಡುವುದೂ ಇದನ್ನೇ. ಎಲ್ಲೋ ಒಂದು ದೊಡ್ಡ ಘಟಕ ಟ್ರಿಪ್ ಆದರೆ ಗ್ರಿಡ್ಡಿನ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ 50 ಆವರ್ತದ ಅದರ ತಾಳ (50 ಹರ್ಟ್ಸ್), ದಿಢೀರನೆ ಕುಸಿಯದಂತೆ ಅವುಗಳ ತಿರುಗುವ ತೂಕ ತಡೆಯುತ್ತದೆ.

ಪಾವಗಡದ 2,050 ಮೆಗಾವಾಟ್ ಸೋಲಾರ್‌ನಲ್ಲಿ ಅಂಥ ಚಕ್ರವಿಲ್ಲ. (ಸುಮಾರು 13,000 ಎಕರೆ ಗುತ್ತಿಗೆ ಕೊಟ್ಟ ರೈತರ ಕಥೆಗೆ ಬೇರೆಯೇ ಪತ್ರ ಬೇಕು.) ಸಾಮಾನ್ಯ ಸೋಲಾರ್ ಇನ್ವರ್ಟರ್ ಭಜನೆಯಲ್ಲಿ ಹಿಂದೆ ಹೇಳುವವರಿದ್ದಂತೆ, ಮುಂದಿನವರು ನಿಲ್ಲಿಸಿದರೆ ತಾನೂ ನಿಲ್ಲಿಸುತ್ತದೆ. ಬ್ಯಾಟರಿಗೆ ಜೋಡಿಸಿದ ಗ್ರಿಡ್ ಫಾರ್ಮಿಂಗ್ ಇನ್ವರ್ಟರ್ ತಾನೇ ತಾಳ ಹಿಡಿಯುತ್ತದೆ, ವೋಲ್ಟೇಜನ್ನೂ ಹಿಡಿದು ನಿಲ್ಲಿಸಲು ನೋಡುತ್ತದೆ.

ಇದು ಬರೀ ಪ್ರಯೋಗಾಲಯದ ಮಾತಲ್ಲ. 2016ರ ಸೆಪ್ಟೆಂಬರ್ 28ರ ಬಿರುಗಾಳಿಗೆ ದಕ್ಷಿಣ ಆಸ್ಟ್ರೇಲಿಯಾ ರಾಜ್ಯಕ್ಕೆ ರಾಜ್ಯವೇ ಕತ್ತಲಾಯಿತು. ಮರುವರ್ಷ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವಾಟ್ ಬ್ಯಾಟರಿ ಕೂರಿಸಿದರು, ಆಮೇಲೆ 150ಕ್ಕೆ ಏರಿಸಿದರು. 2022ರಲ್ಲಿ ಅದರ ಇನ್ವರ್ಟರುಗಳ ಸಾಫ್ಟ್‌ವೇರ್ ಬದಲಿಸಿ, ನಮ್ಮ ಮಿಲ್ಲಿನ ಚಕ್ರದ ಕೆಲಸವನ್ನು ಅದರಿಂದಲೇ ಮಾಡಿಸತೊಡಗಿದರು.

2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಕತ್ತಲಾದಾಗ ಸೋಲಾರೇ ಕಾರಣ ಎಂದು ಇಲ್ಲೂ ಕೆಲವರು ಕೂಗಿದರು. ತನಿಖೆ ಹೇಳಿದ್ದು ಬೇರೆ: ವೋಲ್ಟೇಜ್ ಅಂಕೆ ಮೀರಿ ಏರಿತು, ಘಟಕಗಳು ಒಂದರ ಹಿಂದೊಂದು ಕಳಚಿಕೊಂಡವು. ಅಲ್ಲಿನ ಸೋಲಾರ್ ಘಟಕಗಳು ನಿಗದಿತ ಪವರ್ ಫ್ಯಾಕ್ಟರ್‌ನಲ್ಲಿ, ಅಂದರೆ ವೋಲ್ಟೇಜ್ ಏರಲಿ ಇಳಿಯಲಿ ಒಂದೇ ಪಟ್ಟಿನಲ್ಲಿ, ಓಡಬೇಕಿತ್ತು. ವೋಲ್ಟೇಜ್ ಹಿಡಿದು ನಿಲ್ಲಿಸಿ ಎಂದು ನಿಯಮ ಅವುಗಳನ್ನು ಕೇಳಿರಲೇ ಇಲ್ಲ. ಕೇಳದ್ದನ್ನು ಇನ್ವರ್ಟರ್ ಮಾಡುವುದಿಲ್ಲ, ಗುತ್ತಿಗೆದಾರರೂ ಮಾಡುವುದಿಲ್ಲ.

ಗ್ರಿಡ್ಡಿನ ಚಿಂತೆ ದಿಲ್ಲಿಯವರಿಗಿರಲಿ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ದಕ್ಷಿಣವನ್ನು ದೇಶದ ಗ್ರಿಡ್ಡಿಗೆ ಜೋಡಿಸಿದಾಗಿನಿಂದ ಫ್ರೀಕ್ವೆನ್ಸಿ ಎಲ್ಲರದೂ ಹೌದು. ಆದರೆ ವೋಲ್ಟೇಜ್ ಆಯಾ ಜಾಗದ್ದು. ಪಾವಗಡದಲ್ಲಿ ಏರಿದ್ದನ್ನು ಪಂಜಾಬಿನಲ್ಲಿ ಕೂತು ಇಳಿಸಲಾಗದು.

ಇದರಿಂದ ಎಲ್ಲವೂ ಬಗೆಹರಿಯುತ್ತದೆ ಎಂದಲ್ಲ. ಲೈನಿನಲ್ಲಿ ಶಾರ್ಟ್ ಸರ್ಕ್ಯೂಟ್‌ನಂಥ ಫಾಲ್ಟ್ ಆದಾಗ ಜನರೇಟರಿನಷ್ಟು ಕರೆಂಟನ್ನು ಇನ್ವರ್ಟರ್ ಕೊಡಲಾರದು, ಹಾಗಾಗಿ ಫಾಲ್ಟ್ ಗುರುತಿಸಿ ಲೈನು ಕಡಿಸುವ ರಿಲೇಗಳ ಸೆಟ್ಟಿಂಗುಗಳನ್ನು ಮತ್ತೆ ನೋಡಬೇಕಾಗುತ್ತದೆ. ಅದಕ್ಕೆ ದೂರ ಹೋಗಬೇಕಿಲ್ಲ. ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ (ಸಿಪಿಆರ್‌ಐ) 1960ರಿಂದ ಬೆಂಗಳೂರಿನಲ್ಲೇ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯೂ ಇದೆ. ಟೆಂಡರಿನ ಕರಡನ್ನು ಮೊದಲು ಅವರ ಮುಂದಿಡಿ, ಆಮೇಲೆ ಸಾರ್ವಜನಿಕರ ಮುಂದೆ. ಓದಿ ತಪ್ಪು ತಿದ್ದಿಕೊಡಲು ನಾನು ಸಿದ್ಧ, ಸಂಭಾವನೆ ಬೇಡ.

ಇತಿ,
ಪಾವಗಡ ಸೀಮೆಯ ಒಬ್ಬ ನಿವೃತ್ತ ಮೇಷ್ಟ್ರು