ಸಣ್ಣ ಕಾರ್ಖಾನೆಗಳಿಗೆ ದರದ ಲೆಕ್ಕವೂ ಬೇಕು, ಉದರಿಯ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ಪುಣೆಯ ಭೋಸರಿ, ಚಿಂಚವಡ, ಚಾಕಣ ಕೈಗಾರಿಕಾ ಪ್ರದೇಶಗಳಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು, ಮೊದಲು ಬೇರೆಯವರ ಲೇತ್ ಮೇಲೆ ದುಡಿದು, ಆಮೇಲೆ ಬಾಡಿಗೆ ಶೆಡ್ಡಿನಲ್ಲಿ ಸ್ವಂತ ಯಂತ್ರ ಹಾಕಿಕೊಂಡ ಕನ್ನಡಿಗರು ಅನೇಕರಿದ್ದಾರೆ. ವಾಹನ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಕಾರ್ಖಾನೆಗಳಿಗೆ ಇವರು ಪಿನ್, ಬುಷ್, ಫ್ಲ್ಯಾಂಜ್ ತಯಾರಿಸಿ ಕೊಡುತ್ತಾರೆ. ಇಂಥ ಘಟಕಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಮೈಕ್ರಾನ್ ಲೆಕ್ಕದಲ್ಲಿ ಅಳತೆ ಹಿಡಿಯಬಲ್ಲ ಈ ಕುಶಲಿಗಳು ದರ ಹೇಳುವಾಗ ಮಾತ್ರ ಪಕ್ಕದ ಶೆಡ್ಡಿನವರು ಎಷ್ಟು ಹೇಳಿದರು ಎಂಬುದನ್ನಷ್ಟೇ ನೋಡಿ, ಅದಕ್ಕಿಂತ ಒಂದು ರೂಪಾಯಿ ಕಡಿಮೆ ಬರೆದು ಕೊಟ್ಟು ಬರುತ್ತಾರೆ. ನಾನು ಕಂಡಂತೆ ಘಟಕಗಳು ಬಾಗಿಲು ಹಾಕಿದ್ದು ಕೆಲಸ ಸಿಗದೆ ಅಲ್ಲ. ಕೈತುಂಬ ಕೆಲಸವಿದ್ದಾಗಲೇ ಹಣ ಸಾಲದೆ. ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಒಂದು ಉದಾಹರಣೆಯಿಂದ ಹೇಳುವುದು ಸುಲಭ. ಒಂದು ಬಿಡಿಭಾಗವನ್ನು 100 ರೂಪಾಯಿಗೆ ಮಾರುತ್ತೇವೆ ಎಂದುಕೊಳ್ಳಿ. ಅದಕ್ಕೆ ತಗಲುವ ಉಕ್ಕು 58 ರೂಪಾಯಿ. ಟೂಲ್ ಇನ್ಸರ್ಟ್ (ಲೋಹ ಕತ್ತರಿಸುವ, ಸವೆದಾಗ ಬದಲಿಸುವ ಅಲಗು), ವಿದ್ಯುತ್ತು, ಹೊರಗಡೆ ಮಾಡಿಸುವ ಪ್ಲೇಟಿಂಗ್ ಸೇರಿ 17 ರೂಪಾಯಿ. ಒಂದು ತುಂಡು ಹೆಚ್ಚು ಮಾಡಿದರೆ ಹೆಚ್ಚುವ ಖರ್ಚು 75 ರೂಪಾಯಿ, ಉಳಿಯುವುದು 25. ಶೆಡ್ಡಿನ ಬಾಡಿಗೆ, ಕಾಯಂ ನೌಕರರ ಸಂಬಳ, ಯಂತ್ರದ ಸಾಲದ ಕಂತು ಇವೆಲ್ಲ ತುಂಡು ಮಾಡಿದರೂ ಮಾಡದಿದ್ದರೂ ತಿಂಗಳಿಗೆ 3 ಲಕ್ಷ ಕೇಳುತ್ತವೆ. ಆ 3 ಲಕ್ಷ ಹುಟ್ಟಬೇಕಾದರೆ 12 ಸಾವಿರ ತುಂಡು ಹೋಗಬೇಕು. ಈಗ ಖರೀದಿ ವಿಭಾಗದವರು ಕರೆದು, ಶೇ 10ರಷ್ಟು ದರ ಇಳಿಸಿದರೆ ಆರ್ಡರ್ ಹೆಚ್ಚಿಸುತ್ತೇವೆ ಎನ್ನುತ್ತಾರೆ. ದರ 90ಕ್ಕೆ ಇಳಿದರೆ ತುಂಡಿಗೆ ಉಳಿಯುವುದು 15 ರೂಪಾಯಿ ಮಾತ್ರ. ಅದೇ 3 ಲಕ್ಷಕ್ಕೆ ಇನ್ನು 20 ಸಾವಿರ ತುಂಡು ಬೇಕು. ಹತ್ತು ರೂಪಾಯಿ ಬಿಟ್ಟುಕೊಟ್ಟದ್ದಕ್ಕೆ ಎಂಟು ಸಾವಿರ ತುಂಡಿನ ದುಡಿಮೆ ಹೆಚ್ಚಾಯಿತು, ಲಾಭ ಮಾತ್ರ ಇನ್ನೂ ಶುರುವಾಗಿಯೇ ಇಲ್ಲ. ಇಷ್ಟು ಕಾಗದದ ಮೇಲೆ ಬರೆದುಕೊಂಡು ಹೋದವರು ‘ಆಗಲಿ ಸಾಹೇಬ್ರೇ’ ಎಂದು ಕೂಡಲೇ ಒಪ್ಪಿ ಬರುವುದಿಲ್ಲ.

ಈ 3 ಲಕ್ಷದಲ್ಲಿ ಮಾಲೀಕರ ಸಂಬಳ ಸಾಮಾನ್ಯವಾಗಿ ಇರುವುದೇ ಇಲ್ಲ. ಬಿಲ್ಲು ಬರೆಯುವ, ಬ್ಯಾಂಕಿಗೆ ಓಡಾಡುವ ಮನೆಯಾಕೆಯ ದುಡಿಮೆಗೂ ಬೆಲೆ ಕಟ್ಟಿರುವುದಿಲ್ಲ. ಬೇರೆ ಕಡೆ ನೌಕರಿ ಮಾಡಿದ್ದರೆ ಇಬ್ಬರಿಗೂ ಬರುತ್ತಿದ್ದ ಹಣವನ್ನು ಖರ್ಚಿನ ಸಾಲಿನಲ್ಲಿ ಹಾಕಿ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ. ಅದು ದುರಾಸೆಯಲ್ಲ, ನ್ಯಾಯವಾದ ಲೆಕ್ಕ.

ಎರಡನೆಯದು ಉದರಿ. ಉಕ್ಕಿನ ವ್ಯಾಪಾರಿ 15 ದಿನದಲ್ಲಿ ಹಣ ಕೇಳುತ್ತಾನೆ. ಮಾಲು ನಮ್ಮ ಶೆಡ್ಡಿನಲ್ಲಿ 20 ದಿನ ಇರುತ್ತದೆ. ಗಿರಾಕಿ ಕೊಡುವುದು ಬಿಲ್ಲಾದ 75 ದಿನಕ್ಕೆ. ಕೂಡಿ ಕಳೆದರೆ ನಮ್ಮ ಹಣ 80 ದಿನ ಹೊರಗಿರುತ್ತದೆ. ಮೇಲಿನ ಘಟಕ 12 ಸಾವಿರ ತುಂಡಿಗೆ 9 ಲಕ್ಷ, ಬಾಡಿಗೆ ಸಂಬಳಕ್ಕೆ 3 ಲಕ್ಷ, ಒಟ್ಟು ತಿಂಗಳಿಗೆ 12 ಲಕ್ಷ, ಅಂದರೆ ದಿನಕ್ಕೆ 40 ಸಾವಿರ ಖರ್ಚು ಮಾಡುತ್ತದೆ ಎಂದು ಹಿಡಿದರೆ, ಸ್ಥೂಲವಾಗಿ 32 ಲಕ್ಷ ರೂಪಾಯಿ ಸದಾ ಸಿಕ್ಕಿಹಾಕಿಕೊಂಡಿರುತ್ತದೆ. ಆರ್ಡರ್ ಇಮ್ಮಡಿಯಾದರೆ, ಬಾಡಿಗೆ ಸಂಬಳ ಹೆಚ್ಚದಿದ್ದರೂ, ದಿನದ ಖರ್ಚು 70 ಸಾವಿರವಾಗಿ ಬೇಕಾಗುವುದು 56 ಲಕ್ಷ. ಹೆಚ್ಚಿನ 24 ಲಕ್ಷ ಎಲ್ಲಿಂದ ಬರುತ್ತದೆ ಎಂದು ಕೇಳದೆಯೇ ಎರಡನೇ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಕ್ಕೆ ಮುಂಗಡ ಕೊಟ್ಟವರನ್ನು ನಾನು ಬಲ್ಲೆ. ಇದರ ಮೇಲೆ ಜಿಎಸ್‌ಟಿ ಬೇರೆ: ಗಿರಾಕಿಯ ಹಣ ಬಂದಿರಲಿ ಬಿಡಲಿ, ಮಾಸಿಕ ರಿಟರ್ನ್ ಸಲ್ಲಿಸುವವರು ಬಿಲ್ಲು ಮಾಡಿದ ಮರು ತಿಂಗಳ 20ರೊಳಗೆ ತೆರಿಗೆ ಕಟ್ಟಲೇಬೇಕು. ಲಾಭ ತೋರಿಸುವ ಖಾತೆಪುಸ್ತಕ ಪಗಾರದ ದಿನ ಹಣ ಕೊಡುವುದಿಲ್ಲ.

ಕಾನೂನು ನಮ್ಮ ಕಡೆಗಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದಾಗಿ, ಈ ಅವಧಿ ಮೀರಿಯೂ ಬಾಕಿ ಉಳಿಸಿಕೊಂಡ ಖರೀದಿದಾರನಿಗೆ ಹಣ ಕೊಡುವವರೆಗೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸಲು ಬರುವುದಿಲ್ಲ. ಇಂಥ ಘಟಕಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಮುದ್ರಿಸಿದರೆ ಗಿರಾಕಿಯ ಲೆಕ್ಕವಿಭಾಗಕ್ಕೆ ಇದು ನೆನಪಿರುತ್ತದೆ. ಗಿರಾಕಿಯು ಟ್ರೆಡ್ಸ್ (ಬಾಕಿ ಬಿಲ್ಲುಗಳ ಮೇಲೆ ಮುಂಚಿತವಾಗಿ ಹಣ ಪಡೆಯುವ ಆನ್‌ಲೈನ್) ವೇದಿಕೆಯಲ್ಲಿದ್ದು ಬಿಲ್ಲನ್ನು ಒಪ್ಪಿಕೊಂಡರೆ, ಬ್ಯಾಂಕುಗಳು ಬಡ್ಡಿ ಮುರಿದುಕೊಂಡು ಮೊದಲೇ ಹಣ ಕೊಡುತ್ತವೆ. ಗಿರಾಕಿ ಆಮೇಲೆ ಕೊಡದಿದ್ದರೆ ಆ ಹೊಣೆ ನಮ್ಮ ಮೇಲೆ ಬರುವುದಿಲ್ಲ.

ಆದರೂ ಮಾರಾಟದ ಮುಕ್ಕಾಲು ಪಾಲು ಒಬ್ಬನೇ ಗಿರಾಕಿಗೆ ಹೋಗುತ್ತಿದ್ದರೆ ಬಡ್ಡಿ ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಆರ್ಡರ್ ತಪ್ಪೀತು ಎಂಬ ಭಯ ಸುಳ್ಳೂ ಅಲ್ಲ. ಹಾಗಾಗಿ ಸ್ವಲ್ಪ ಕಡಿಮೆ ಮೊತ್ತದ್ದಾದರೂ ಬೇಗ ಹಣ ಕೊಡುವ ಎರಡನೇ, ಮೂರನೇ ಗಿರಾಕಿಯನ್ನು ಹುಡುಕುವುದು ಹೊಸ ಯಂತ್ರ ಕೊಳ್ಳುವುದಕ್ಕಿಂತ ಮೊದಲಿನ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಪುಣೆ, ಪಿಂಪ್ರಿ-ಚಿಂಚವಡದ ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕ, ಯಕ್ಷಗಾನಗಳಿಗೆ ತೋರುವ ಆಸ್ಥೆಯಲ್ಲಿ ಕೊಂಚವನ್ನು ಈ ಕಡೆಗೂ ಕೊಡಬೇಕೆಂದು ವಿನಂತಿ. ಇಲ್ಲಿನ ಬಹಳಷ್ಟು ಕಾರ್ಖಾನೆಗಳಿಗೆ ಗುರುವಾರ ವಾರದ ರಜೆ. ಅಂದು ಸಂಜೆ ಎರಡು ಗಂಟೆ, ಮಾಲೀಕರು ತಮ್ಮದೇ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ ತಂದು ಕನ್ನಡದಲ್ಲೇ ಲೆಕ್ಕ ಹಾಕಿ ನೋಡುವಂತಾಗಲಿ. ಹೇಳಿಕೊಡಲು ನಾನು ಮತ್ತು ನನ್ನ ವೃತ್ತಿಯ ಕೆಲವರು ಸಿದ್ಧರಿದ್ದೇವೆ, ಶುಲ್ಕ ಬೇಡ. ಮಾರ್ಚ್‌ಗೆ ಮುಂಚೆಯೇ ಆರಂಭವಾದರೆ ಒಳ್ಳೆಯದು. ಮುಂದಿನ ವರ್ಷದ ದರ ಮಾತಾಡಲು ದೊಡ್ಡ ಗಿರಾಕಿಗಳು ಬಹಳಷ್ಟು ಕಡೆ ಆಗಲೇ ಕರೆಯುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಲೆಕ್ಕಪತ್ರ ಸಲಹೆಗಾರ, ಭೋಸರಿ, ಪುಣೆ