ಸಮುದ್ರದ ನಂಟು, ಸೀಮೆಎಣ್ಣೆಗೆ ಬಡತನ

ತೆಹರಾನ್, 9 ಜನವರಿ 1979

ಮಾನ್ಯ ಸಂಪಾದಕರೇ,

ಇರಾನಿನ ಗಲಭೆಗೆಲ್ಲ ಮುಲ್ಲಾಗಳ ಮತಾಂಧತೆಯೊಂದೇ ಕಾರಣವೆಂದು ನಿಮ್ಮ ಪತ್ರಿಕೆ ತೀರ್ಪು ಕೊಟ್ಟಿದೆ. ಊರಿನಿಂದ ಬಂದವರು ಸಾರಿನ ಪುಡಿಯ ಡಬ್ಬಕ್ಕೆ ಸುತ್ತಿ ತಂದ ಹಾಳೆಯಲ್ಲಿ ಆ ವರದಿ ಇತ್ತು. ಅದನ್ನು ನಾನು ಓದಿದ್ದು ಇಂದು ಬೆಳಿಗ್ಗೆ, ಸೀಮೆಎಣ್ಣೆಯ ಸಾಲಿನಲ್ಲಿ ನಿಂತು.

ಕರ್ಫ್ಯೂ ಮುಗಿಯುತ್ತಲೇ ಹೋಗಿದ್ದೆ. ಸೀರೆಯ ಮೇಲೆ ಎರಡು ಸ್ವೆಟರ್, ಅದರ ಮೇಲೆ ಯಜಮಾನರ ಕೋಟು. ಯಾರೂ ನಡುವೆ ನುಗ್ಗಬಾರದೆಂದು ಎಲ್ಲರ ಡಬ್ಬಗಳ ಹಿಡಿಗೂ ಒಂದೇ ಹಗ್ಗ ಪೋಣಿಸಿದ್ದರು. ನಾಲ್ಕು ಗಂಟೆ ಕಳೆದು, ನನ್ನ ಮುಂದೆ ಹನ್ನೊಂದೇ ಡಬ್ಬ ಉಳಿದಾಗ ಅಂಗಡಿಯವನು 'ತಮಾಮ್', ಅಂದರೆ ಮುಗಿಯಿತು, ಎಂದು ಕದ ಎಳೆದುಕೊಂಡ. ತೈಲ ಕಾರ್ಮಿಕರು ಮುಷ್ಕರ ಹೂಡುವ ಮೊದಲು ದಿನಕ್ಕೆ 50 ಲಕ್ಷ ಪೀಪಾಯಿಗೂ ಹೆಚ್ಚು ಎಣ್ಣೆ ತೆಗೆಯುತ್ತಿದ್ದ ದೇಶವಿದು! ಮನೆಯಲ್ಲಿ ಮಕ್ಕಳು ಕಂಬಳಿಯೊಳಗೆ, ಶಾಲೆಗೆ ಬೀಗ, ಸಂಜೆಯಾದರೆ ದೀಪವಿಲ್ಲ, ಬ್ಯಾಂಕಿನವರ ಮುಷ್ಕರದಿಂದ ಸಂಬಳವೂ ಕೈಗೆ ಬಂದಿಲ್ಲ.

ನನ್ನ ಹಿಂದೆ ನಿಂತಿದ್ದ ಮುದುಕಿ ನಿಮ್ಮ ವರದಿಗಾರರಿಗಿಂತ ಚೆನ್ನಾಗಿ ಕಾರಣ ಹೇಳಿದಳು. ಅವಳ ಮಗನದು ಸಣ್ಣ ಸಕ್ಕರೆ ಅಂಗಡಿ. 1973ರಲ್ಲಿ ಎಣ್ಣೆಯ ಬೆಲೆ ಏರಿ ಹಣ ಹೊಳೆಯಾಗಿ ಬಂತು, ಹಿಂದೆಯೇ ಮನೆ ಬಾಡಿಗೆ, ಅಕ್ಕಿ, ಈರುಳ್ಳಿ ಎಲ್ಲವೂ ಏರಿದವು. ಬೆಲೆ ಏರಿಸಿದವರು ಯಾರು? ಸರ್ಕಾರದ ಪ್ರಕಾರ ಅಂಗಡಿಯವರಂತೆ! ದರಪಟ್ಟಿ ಹಿಡಿದ ವಿದ್ಯಾರ್ಥಿಗಳನ್ನು ಬಜಾರಿಗೆ ಅಟ್ಟಿ, ಸಿಕ್ಕಸಿಕ್ಕವರಿಗೆ ದಂಡ, ಜೈಲು. ಅವನೂ ಎರಡು ತಿಂಗಳು ಒಳಗಿದ್ದು ಬಂದ. ಅದೇ ಹೊತ್ತಿಗೆ ಖೊರ್ರಂಶಹರ್ ಬಂದರಿನಾಚೆ ಹಡಗುಗಳು ತಿಂಗಳುಗಟ್ಟಲೆ ಸರತಿ ಕಾಯುತ್ತಿದ್ದವು. ನಮ್ಮ ಯಜಮಾನರ ಕಂಪನಿಯ ಯಂತ್ರಗಳು ದಡ ಸೇರುವಷ್ಟರಲ್ಲಿ ತುಕ್ಕು ಹಿಡಿದಿದ್ದವು. ಅದಕ್ಕಾಗಿ ಯಾರಿಗೂ ದಂಡ ಹಾಕಿದ್ದನ್ನು ಕೇಳಲಿಲ್ಲ.

ಕೇಳುವುದಾದರೂ ಎಲ್ಲಿ? 1975ರಲ್ಲಿ ಇದ್ದ ಪಕ್ಷಗಳನ್ನೆಲ್ಲ ಮುಚ್ಚಿ ರಸ್ತಾಖೀಜ್ ಎಂಬ ಒಂದೇ ಪಕ್ಷ ಉಳಿಸಿ, ಒಪ್ಪದವರು ದೇಶ ಬಿಡಬಹುದು ಎಂದರು ಇಲ್ಲಿಯ ದೊರೆ ಷಾ. ಬಾಯಿ ಬಿಟ್ಟವರಿಗೆ ಸಾವಾಕ್ ಎಂಬ ರಹಸ್ಯ ಪೊಲೀಸ್ ಇತ್ತು. ಮಾತನಾಡಲು ಉಳಿದಿದ್ದು ಮಸೀದಿಯ ಸೂರೊಂದೇ. ನನಗೇನೂ ಮುಲ್ಲಾಗಳ ಮೇಲೆ ಮೋಹವಿಲ್ಲ. ತಲೆಗೆ ಬಟ್ಟೆ ಹೊದೆಯಿರೆಂದು ಬೀದಿಯಲ್ಲಿ ನನಗೇ ಉಪದೇಶ ಮಾಡುವವರು ಈಗಾಗಲೇ ಹುಟ್ಟಿಕೊಂಡಿದ್ದಾರೆ. ಆದರೆ ಕಳೆದ ಜನವರಿಯಲ್ಲಿ ಗಡಿಪಾರಾಗಿರುವ ಧರ್ಮಗುರು ಖೊಮೇನಿಯವರನ್ನು ಹೀಗಳೆದು ಬರೆಸಿ 'ಇತ್ತಲಾತ್' ಪತ್ರಿಕೆಯಲ್ಲಿ ಹಾಕಿಸಿದವರು ಮುಲ್ಲಾಗಳಲ್ಲ, ಸರ್ಕಾರದವರೇ. ಕೋಮ್‌ನಲ್ಲಿ ವಿರೋಧಿಸಿದವರ ಮೇಲೆ ಗುಂಡು ಹಾರಿತು, ಸತ್ತವರ ನಲವತ್ತನೆಯ ದಿನದ ಶೋಕಕ್ಕೆ ತಬ್ರೀಜ್ ನಗರ ಹೊತ್ತಿತು. ಸೆಪ್ಟೆಂಬರ್ 8ರಂದು ಇದೇ ತೆಹರಾನಿನ ಜಾಲೆ ಚೌಕದಲ್ಲಿ ಸೈನಿಕರೇ ಜನರ ಮೇಲೆ ಗುಂಡು ಹಾರಿಸಿದ ಮೇಲೆ ರಾಜಿಯ ಮಾತನ್ನು ಯಾರು ಕೇಳುತ್ತಾರೆ? ಪತ್ರಿಕೆಯಲ್ಲಿ ಮನಸ್ಸಿಗೆ ಬಂದದ್ದನ್ನು ಹಾಕಿದರೆ ಏನಾಗುತ್ತದೆಂದು ಸಂಪಾದಕರಾದ ತಮಗೆ ನಾನು ಹೇಳಬೇಕೆ?

ಇಲ್ಲಿಯ ಕಚೇರಿಗಳ ಕಥೆಯನ್ನೂ ಕೇಳಿ. 1976ರಲ್ಲಿ ನಮ್ಮ ವಾಸದ ಪರವಾನಗಿ ನವೀಕರಿಸಲು ಹೋದೆವು. ಕಾಗದದ ಮೇಲೆ ಇಲ್ಲಿಯ ಪಂಚಾಂಗದ ಇಸವಿ 1355 ಎಂದಿತ್ತು. ಷಾ ರಾತ್ರೋರಾತ್ರಿ ಪಂಚಾಂಗ ಬದಲಿಸಿದ್ದರಿಂದ ಅದು 2535 ಆಗಿತ್ತು. ನಮ್ಮ ಕಾಗದ ಸಾವಿರದ ನೂರ ಎಂಬತ್ತು ವರ್ಷ ಹಳೆಯದಂತೆ! 'ಫರ್ದಾ ಬನ್ನಿ' ಎಂದ ಗುಮಾಸ್ತ, ಚಹಾ ಹೀರುತ್ತ. ಫರ್ದಾ ಎಂದರೆ ನಾಳೆ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಕಲಿತವನಿರಬೇಕು. ಆರು ನಾಳೆಗಳಾದವು. ಕಳೆದ ಆಗಸ್ಟ್‌ನಲ್ಲಿ ಜನರ ಸಿಟ್ಟಿಗೆ ಹೆದರಿ ಹಳೆಯ ಪಂಚಾಂಗವನ್ನೇ ತಂದರು. ಮತ್ತೆ ಅದೇ ಕಚೇರಿ, ಅದೇ ಗುಮಾಸ್ತ, ಅದೇ ಚಹಾ. ಆಗಲೇ ನಾನು ಬೀದಿಗಿಳಿಯಬೇಕಿತ್ತು, ಯಜಮಾನರು ತಡೆದರು.

ಆದ್ದರಿಂದ ತಾವು ಆ ವರದಿಗೆ ತಿದ್ದುಪಡಿ ಹಾಕಬೇಕು, ಇಲ್ಲವೇ ವರದಿಗಾರರನ್ನು ಇಲ್ಲಿಗೆ ಕಳಿಸಬೇಕು, ಬರುವಾಗ ಅವರು ಡಬ್ಬ ತರಬೇಕು. ಷಾ ಇರಲಿ, ಹೋಗಲಿ, ಹೊಸ ಪ್ರಧಾನಿ ಬಖ್ತಿಯಾರರೋ ಬೇರೆ ಯಾರೋ ಆಳಲಿ, ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಅಂಚೆಯನ್ನು ನಂಬುವ ಕಾಲವಲ್ಲ, ಊರಿಗೆ ಹೊರಟವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ನಾಳೆಯ ಸಾಲಿನಲ್ಲಿ ನನ್ನ ಡಬ್ಬ ಹನ್ನೆರಡನೆಯದು. ಹಗ್ಗವನ್ನು ಯಾರೂ ಬಿಚ್ಚದಿದ್ದರೆ.

— ತೆಹರಾನಿನಲ್ಲಿರುವ ಕನ್ನಡದ ಗೃಹಿಣಿ